ಬಣ್ಣ ಬಿಟ್ಟ ಪಟ್ಟಣಸ್ವಾಮಿ

“ಕೇಳ್ರಪ್ಪೋ ಕೇಳಿ! ಸಿಂಗನಪಟ್ಟಣಕ್ಕೆ ಊರಾಡಳಿತ ನೋಡಿಕೊಳ್ಳುವ ಹೊಸ ಪಟ್ಟಣಸ್ವಾಮಿಯನ್ನು ಆರಿಸಬೇಕೆಂದು ರಾಣಿ ಹೊನ್ನಾದೇವಿಯವರ ಅಪ್ಪಣೆಯಾಗಿದೆ. ಕೆಂಪು ರುಮಾಲಿನ ಮೇಲಿನಕೇರಿಯವರಾಗಲಿ, ಹಸಿರು ರುಮಾಲಿನ ಕೆಳಗಿನಕೇರಿಯವರಾಗಲಿ, ರುಮಾಲು ಬಿಚ್ಚಿಟ್ಟು ಬರಿತಲೆಯಲ್ಲಿ ಬರತಕ್ಕದ್ದು. ಮೂರು ಒಗಟು ಬಿಡಿಸಿದವನು ಊರ ಮುಂದೆ ನಿಲ್ಲಬಹುದು, ಊರು ಒಪ್ಪಿದರೆ ಅಧಿಕಾರ. ಒಗಟು ತಪ್ಪಿದರೆ ತಲೆದಂಡ!”

ತಮಟೆ ಬಡಿದು ಹೀಗೆ ಸಾರಿದವನು ಕೆಳಗಿನಕೇರಿಯ ಬಡ ಹುಡುಗ ಚಿಕ್ಕೀರ. ಹಿಂದಿನ ಪಟ್ಟಣಸ್ವಾಮಿ ತನ್ನ ಕೇರಿಗೆ ಮಾತ್ರ ದೀಪ ಹಾಕಿಸಿ, ಊರಲ್ಲಿ ಹೊಡೆದಾಟವಾಗಿ, ರಾಣಿ ರೋಸಿಹೋಗಿದ್ದಳು. ಸಾರುವುದು ತನ್ನ ಕೆಲಸ, ತಲೆ ಕೊಡುವುದು ದೊಡ್ಡವರ ಪಾಡು ಎಂದುಕೊಂಡು ಚಿಕ್ಕೀರ ನಿಶ್ಚಿಂತೆಯಾಗಿ ಅರಮನೆಯ ಅಂಗಳದಲ್ಲಿ ನಿಂತ.

ಮೊದಲು ಬಂದವನು ಮೇಲಿನಕೇರಿಯ ವೀರಭದ್ರನಾಯಕ. ರಾಣಿ ಕೇಳಿದಳು: “ಅದು ಎಲ್ಲರ ಮನೆಯಲ್ಲೂ ಹುಟ್ಟುತ್ತದೆ, ಯಾರೂ ನನ್ನದು ಅನ್ನುವುದಿಲ್ಲ. ಎರಡು ಕೇರಿಯದೂ ಹೋಗುತ್ತ ಹೋಗುತ್ತ ಒಂದಾಗುತ್ತದೆ, ಆಮೇಲೆ ಬೇರೆ ಮಾಡಲು ಯಾರಿಂದಲೂ ಆಗದು. ಏನದು?”

“ಪಾಪ, ಮಹಾರಾಣಿ! ಆದರೆ ನಮ್ಮ ಕೇರಿಯಲ್ಲಿ ಮಾತ್ರ ಅದು ಹುಟ್ಟುವುದಿಲ್ಲ” ಎಂದ ನಾಯಕ. ಭಟರು ಅವನ ಕೈ ಕಟ್ಟಿದರು.

ಆಮೇಲೆ ಕೆಳಗಿನಕೇರಿಯ ಸೂರಪ್ಪಶೆಟ್ಟಿ ಬಂದ. ಅದೇ ಒಗಟು ಕೇಳಿದೊಡನೆ ಅವನು ಮೂಗು ಸಿಂಡರಿಸಿದ. ಉತ್ತರ ಹೊಳೆದಿದೆ ಎಂದು ಚಿಕ್ಕೀರನಿಗೆ ಗೊತ್ತಾಯಿತು. ಆದರೆ ಅಂಥ ಮಾತನ್ನು ರಾಣಿಯೆದುರು ಆಡುವುದು ಹೇಗೆ? ಶೆಟ್ಟಿ ಮರ್ಯಾದಸ್ಥ. “ಗಂಗಾಜಲ” ಅಂದುಬಿಟ್ಟ. ಅವನ ಕೈಯನ್ನೂ ಕಟ್ಟಿದರು. ಅವನ ಹೆಂಡತಿ ಎದೆ ಬಡಿದುಕೊಂಡು ಅತ್ತಳು.

“ಇನ್ನು ಯಾರಾದರೂ ಇದ್ದೀರಾ?” ಅಂದಳು ರಾಣಿ. ಮುಂದೆ ನಿಂತಿದ್ದವರು ಹಿಂದಿದ್ದವರ ಬೆನ್ನಿಗೆ ಅಡಗಿದರು.

ಇವರಿಬ್ಬರನ್ನೂ ಕೂಗಿ ಕರೆದವನು ನಾನೇ ಅಲ್ಲವೆ ಎಂದುಕೊಂಡ ಚಿಕ್ಕೀರ. ಹಸಿರು ರುಮಾಲು ಬಿಚ್ಚಿ ತಮಟೆಯ ಮೇಲಿಟ್ಟು ಮುಂದೆ ಬಂದ.

“ತಾಯಿ, ನಾನ್ ಗೆದ್ರೆ ಇವರಿಬ್ಬರನ್ನೂ ಬಿಟ್ಬಿಡಬೇಕು.”

“ಸೋತರೆ?”

“ಮೂರು ತಲೆ ಆಯ್ತದೆ.”

ಗುಂಪಿನಲ್ಲಿದ್ದ ಅವನ ಅವ್ವ ನಂಜವ್ವ “ಅಯ್ಯೋ, ನನ್ ಮಗ್ನೇ!” ಎಂದು ಕುಸಿದು ಕೂತಳು. ರಾಣಿ ಒಪ್ಪಿದಳು.

“ಮೊದಲನೇದು ಬಚ್ಚಲ ನೀರು, ತಾಯಿ” ಎಂದ ಚಿಕ್ಕೀರ. “ಮನೆಮನೇಲೂ ಹುಟ್ಟಿ ಚರಂಡೀಲಿ ಒಂದಾಯ್ತದೆ. ಯಾವ ಕೇರೀದು ಅಂತ ಯಾರ್ ಹೇಳ್ತಾರೆ?”

ಜನ ಗೊಳ್ಳೆಂದು ನಕ್ಕರು. ರಾಣಿ ನಗಲಿಲ್ಲ. “ಸರಿ. ಮಲಗಿದ್ದಲ್ಲೇ ಮಲಗಿರುತ್ತದೆ, ಎಲ್ಲರನ್ನೂ ಮನೆ ಮುಟ್ಟಿಸುತ್ತದೆ. ದಿನವೂ ತುಳಿಸಿಕೊಳ್ಳುತ್ತದೆ, ಮೈ ಕೆಟ್ಟಾಗ ಮಾತ್ರ ಜನ ನೆನೆಯುತ್ತಾರೆ.”

“ಬೀದಿ, ತಾಯಿ. ಗುಂಡಿ ಬಿದ್ದಾಗಲೇ ಅಲ್ವಾ ಬೀದಿ ಐತೆ ಅಂತ ಗೊತ್ತಾಗೋದು!”

“ನಮ್ಮ ಹುಡ್ಗ! ನಮ್ಮ ಕೇರಿ ಹುಡ್ಗ!” ಎಂದು ಅವನ ಸೋದರಮಾವ ಗುರುಮಲ್ಲ ಕುಣಿದಾಡಿದ. ಹಸಿರು ರುಮಾಲುಗಳೆಲ್ಲ ಗಾಳಿಗೆ ಹಾರಿದವು. ಚಿಕ್ಕೀರನಿಗೆ ಒಳಗೊಳಗೇ ಹಿಗ್ಗು.

ರಾಣಿ ಕೊನೆಯದನ್ನು ಕೇಳಿದಳು: “ಪಟ್ಟಣಸ್ವಾಮಿಯಾದವನು ಅದನ್ನು ಮೊದಲ ದಿನವೇ ಕಳೆದುಕೊಳ್ಳಬೇಕು. ಉಳಿಸಿಕೊಂಡರೆ ಊರು ಕೆಡುತ್ತದೆ, ಕಳೆದುಕೊಂಡರೆ ಮನೆಯವರೇ ಮುನಿಯುತ್ತಾರೆ. ಅದೇನು?”

ನಿದ್ದೆ? ಹಣ? ದಿಕ್ಕು ತೋಚದೆ ಚಿಕ್ಕೀರ ಗುಂಪಿನ ಕಡೆ ತಿರುಗಿದ. ಮಾವ ಇನ್ನೂ ಕುಣಿಯುತ್ತಿದ್ದ. ಅತ್ತ ಕೆಂಪು ರುಮಾಲಿನವರು, ಇವನು ತಮಗಾಗುವವನಲ್ಲ ಎಂಬಂತೆ, ಬಾಯಿ ಬಿಗಿದು ಹಿಂದೆ ಸರಿದು ನಿಂತಿದ್ದರು. ಅವರ ಮುಖ ನೋಡುತ್ತಲೇ ಅವನಿಗೆ ಹೊಳೆಯಿತು, ಹೊಳೆದದ್ದಕ್ಕೆ ಸಂಕಟವೂ ಆಯಿತು.

“ನಮ್ಮೋರು ಅನ್ನೋ ಹಂಗು, ತಾಯಿ” ಎಂದ ಮೆಲ್ಲಗೆ. “ಅದನ್ನ ಬಿಡ್ದೆ ಬೇರೆಯೋರ ಬೀದಿ ಕಣ್ಣಿಗೆ ಕಾಣಾಕಿಲ್ಲ.”

ಮಾವನ ಕುಣಿತ ನಿಂತಿತು.

“ಬಿಚ್ಚಿರಿ ಅವರ ಕೈ!” ಎಂದಳು ರಾಣಿ. ನಾಯಕನೂ ಶೆಟ್ಟಿಯೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಊರಿಗೆ ಊರೇ ಹೋದ ಜೀವ ಬಂದಂತೆ ಉಸಿರುಬಿಟ್ಟಿತು. ನಂಜವ್ವ ಓಡಿಬಂದು ಮಗನ ಬೆನ್ನಿಗೆರಡು ಗುದ್ದಿ, ಆಮೇಲೆ ಅವನ ಕತ್ತು ಸವರಿ ಸವರಿ ನೋಡಿದಳು.

ಅಂಗಳದ ನಡುವೆ ಗಡಿಗೆ ಇಟ್ಟರು. ಒಪ್ಪಿಗೆಯಿದ್ದವರು ಒಂದು ಹುಣಸೆಬೀಜ ಹಾಕಬೇಕು. ಮೇಲಿನಕೇರಿಯವರು ಬಂದರು, ಕೆಳಗಿನಕೇರಿಯವರೂ ಬಂದರು. ಗಡಿಗೆ ಕಂಠಮಟ್ಟ ತುಂಬಿತು. ಕೊನೆಗೆ ಉಳಿದವನು ಗುರುಮಲ್ಲ. ಬೀಜ ಮುಷ್ಟಿಯಲ್ಲಿ ಹಿಡಿದು ಅಳಿಯನ ಕಿವಿಯ ಹತ್ತಿರ ಬಾಗಿದ.

“ದೀಪ ಮೊದ್ಲು ನಮ್ ಬೀದಿಗೆ ತಾನೇ?”

“ಸರದಿ ಬಂದಾಗ, ಮಾವ.”

ಗುರುಮಲ್ಲ ಅವನನ್ನು ದುರುಗುಟ್ಟಿ ನೋಡಿದ. “ಹಾಳಾಗ್ ಹೋಗು!” ಎಂದು ಬೈದು, ಬೀಜವನ್ನು ಗಡಿಗೆಗೇ ಹಾಕಿದ.