ಒಂಬತ್ತು ಸುತ್ತು ಟೇಪು

ಹೊಳೆ ದಂಡೆ ಮೇಲೊಂದು ಹೊಂಗೆ ಮರ. ಮರದ ಕೆಳಗೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಬಡೇಸಾಬ್ ಮೇಸ್ತ್ರಿ.

ಬಸ್ ಡಿಪೋದಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದ ಜೀವ ಅದು. ನಿವೃತ್ತಿಯಾದ ಮೇಲೆ ರಿಪೇರಿ ಬಿಟ್ಟಿದ್ದರು. ಕಲಿಯುತ್ತೇನೆ ಅಂತ ಬಂದವರಿಗೆ ಕಲಿಸುತ್ತಿದ್ದರು, ಅದೂ ಮನಸ್ಸಿದ್ದರೆ. ಅವರ ಬಾಯಿಂದ ನೇರ ಉತ್ತರ ಹೊರಡಿಸುವುದು ತುಕ್ಕು ಹಿಡಿದ ನಟ್ಟು ಬಿಚ್ಚಿದ ಹಾಗೆ.

ಶಿಷ್ಯ ಹಾಲೇಶನದು ಬೋರ್‌ವೆಲ್ಲಿಗೆ ಪೈಪು, ಮೋಟಾರು ಇಳಿಸುವ ಕಸುಬು. ವಯಸ್ಸು ನಲವತ್ತೆರಡು. ಅವನಿಗೊಂದು ಹುಚ್ಚಿತ್ತು, ಕಿಟ್ ಕಾರಿನದು. ಆ ಕಾರು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ, ಕೊಂಡವನೇ ಮನೆ ಮುಂದೆ ಕೂತು ಜೋಡಿಸಿಕೊಳ್ಳಬೇಕು. ಪುಣ್ಯಾತ್ಮ, ಮೂರು ವರ್ಷ ಹಿಡಿದು ಜೋಡಿಸಿಯೇ ಬಿಟ್ಟಿದ್ದ.

ಮೊದಲ ಪ್ರಯಾಣಕ್ಕೆ ಹೆಂಡತಿ ಸರ್ವಮಂಗಳಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಹತ್ತಿದ. ಏಳನೇ ತಿರುವಿನಲ್ಲಿ ಎಂಜಿನ್ ಕುದಿದು ನಿಂತಿತು. ಆಕೆ ಇಳಿದು, ಹಿಂದೆ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು, ಹತ್ತಿ ಹೋದಳು. ಆಮೇಲೆ ಆ ಕಾರಿನ ಹತ್ತಿರ ಸುಳಿದವಳಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತಾ ಹೇಳಿದಳು. "ಅಕ್ಕನ ಮೊಮ್ಮಗಂದು ತೊಟ್ಲ ಶಾಸ್ತ್ರ ಐತಲ್ಲ, ಅವತ್ತು ಇನ್ನೊಂದು ಸಲ ಕೂತ್ಕೋತೀನಿ. ಅವತ್ತೂ ನಿಂತ್ರೆ ಅದು ಗುಜರಿಗೆ ಹೋಗ್ಬೇಕು."

ಗುಜರಿಯ ಮಾತು ಹಾಲೇಶನಿಗೆ ಅಷ್ಟು ನಾಟಲಿಲ್ಲ. ಆಕೆ ತನ್ನ ಮುಖ ನೋಡದೆ ಹೇಳಿದ್ದು ನಾಟಿತು.

ಆಗಲೇ ಅವನು ಮೇಸ್ತ್ರಿಯ ಹತ್ತಿರ ಓಡಿ ಬಂದಿದ್ದು.

"ಆವತ್ತು ಏನಾಯ್ತು? ಮೊದಲಿಂದ ಹೇಳು," ಅಂದಿದ್ದರು ಮೇಸ್ತ್ರಿ.

"ಐದನೇ ತಿರುವಲ್ಲಿ ಇವಳು, ಏನೋ ಸುಟ್ಟ ವಾಸನೆ ಬರ್ತೈತೆ ಅಂದ್ಲು. ನಾನು ಮೀಟರ್ ತೋರ್ಸಿದೆ. ಮುಳ್ಳು ಐವತ್ತೈದರ ಮೇಲಿತ್ತು. ಎಂಜಿನ್ ತಣ್ಣಗೈತೆ, ಸುಮ್ನೆ ಕೂತ್ಕೋ ಅಂದೆ. ಏಳನೇ ತಿರುವಲ್ಲಿ ಕಥೆ ಮುಗೀತು."

"ಎಂಜಿನ್ ಬಿಸಿಯಾಗೈತೋ ಇಲ್ಲೋ ಅಂತ ಆವತ್ತು ನಿನಗೆ ಎಷ್ಟು ಜನ ಹೇಳಿದ್ರು?"

"ಜನ ಯಾರ್ರೀ ಮೇಸ್ತ್ರಿ, ಇದ್ದದ್ದು ಒಂದೇ ಮೀಟರ್, ಒಂದೇ ಸೆನ್ಸರ್."

"ಎಣಿಕೆ ತಪ್ಪು," ಅಂದು ಮೇಸ್ತ್ರಿ ನಮಾಜಿಗೆ ಎದ್ದು ಹೋಗಿದ್ದರು.

ಹಾಲೇಶ ಆ ಮಾತನ್ನು ಮನೆಗೆ ಹೊತ್ತುಕೊಂಡು ಹೋದ. ಎರಡು ದಿನ ತಲೆ ಕೆರೆದುಕೊಂಡ. ಮೂರನೇ ದಿನ ಅರ್ಥವಾಯಿತು ಅಂದುಕೊಂಡ. ಒಂದು ಸೆನ್ಸರ್ ಸಾಲದು, ಮೂರು ಬೇಕು.

ಮಾಡಿದ್ದು ಮಾತ್ರ ಅರೆಬರೆಯಲ್ಲ. ಎಂಜಿನ್ ಹೊಸದಾಗಿ ಕಟ್ಟಿಸಿದ. ದೊಡ್ಡ ರೇಡಿಯೇಟರ್ ಕೂರಿಸಿದ, ಎರಡು ಫ್ಯಾನು ಹಾಕಿದ, ನೀರಿನ ಪಂಪು ಬದಲಿಸಿದ. ಹಳೇ ಸೆನ್ಸರನ್ನು ಮೊದಲಿನ ಹಾಗೇ ಎಂಜಿನ್ನಿನ ಮೇಲ್ಭಾಗದ ಹೆಡ್ಡಿಗೆ ಬಿಗಿದ. ಬಿಸಿನೀರು ಎಂಜಿನ್ನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿಗೆ ಇನ್ನೊಂದು. ತಣಿದ ನೀರು ವಾಪಸ್ಸು ಬರುವ ಕೆಳಗಿನ ಪೈಪಿಗೆ ಮತ್ತೊಂದು. ಮೂರಕ್ಕೂ ಒಂದೊಂದು ಮೀಟರ್.

ಶಾಸ್ತ್ರದ ಹಿಂದಿನ ದಿನ ಬೆಳಿಗ್ಗೆ ಕಾರು ಹೊಂಗೆ ಮರದ ಕೆಳಗೆ ಬಂದು ನಿಂತಿತು. ಹಾಲೇಶನ ಮುಖ ಬಾಡಿತ್ತು.

"ಮೇಸ್ತ್ರಿ, ತಲೆ ಕೆಟ್ಟು ಹೋಗೈತೆ. ಮೂರೂ ಒಂದೇ ಕಂಪನಿ ಸೆನ್ಸರು, ಒಂದೇ ನೀರು. ಹೆಡ್ಡಿಂದು ಐವತ್ತೈದು ಅಂತೈತೆ. ಮೇಲಿನ ಪೈಪಿಂದು ಎಂಬತ್ತೆಂಟು. ಕೆಳಗಿಂದು ಎಪ್ಪತ್ತು. ಒಂದಿದ್ದಾಗ ಅದನ್ನೇ ನಂಬಿದ್ದೆ. ಈಗ ಯಾವುದನ್ನ ನಂಬ್ಲಿ?"

"ಬಿಚ್ಚು," ಅಂದರು ಮೇಸ್ತ್ರಿ.

"ಯಾವುದನ್ನ?"

"ಮೂರನ್ನೂ. ಎಂಜಿನ್ ಆರಿದ ಮೇಲೆ ಬಿಚ್ಚು, ಕೈ ಸುಟ್ಕೊಂಡು ನನ್ನ ಮೇಲೆ ಹೇಳಬೇಡ."

ಮೇಸ್ತ್ರಿ ಚಹಾದ ಪಾತ್ರೆ ತೊಳೆದು, ಹೊಳೆ ನೀರು ತುಂಬಿ ಸ್ಟೋವಿನ ಮೇಲಿಟ್ಟರು. ಮೂರು ಸೆನ್ಸರಿನ ಹಿತ್ತಾಳೆ ತಲೆಗೂ ಒಂದೊಂದು ಬರಿ ತಂತಿ ಸುತ್ತಿ, ತಂತಿಯ ಇನ್ನೊಂದು ತುದಿಯನ್ನು ಎಂಜಿನ್ನಿಗೆ ಬಿಗಿದರು. ಮೀಟರಿನ ವಯರು ಬಿಚ್ಚದೆ ಮೂರರ ಮೂತಿಯನ್ನೂ ಕುದಿಯುವ ನೀರಿಗೆ ಇಳಿಬಿಟ್ಟರು.

ಮೂರು ಮುಳ್ಳೂ ಮೇಲೆದ್ದು ಒಂದೇ ಕಡೆ ನಿಂತವು. ನೂರರ ಹತ್ತಿರ.

ಹಾಲೇಶ ಕಣ್ಣುಕಣ್ಣು ಬಿಟ್ಟ.

"ಸುಳ್ಳುಗಾರ ಯಾರು?" ಅಂದರು ಮೇಸ್ತ್ರಿ.

"ಯಾರೂ ಇಲ್ಲ."

"ಹಂಗಾದ್ರೆ ವಾಪಸ್ಸು ಹಾಕು."

ಇದೊಳ್ಳೆ ಪಾಠ ಅಂತ ಹಾಲೇಶ ಒಳಗೊಳಗೇ ಗೊಣಗಿಕೊಂಡ. ಗಡಿಬಿಡಿ ಹೋಗಲಿ ಅಂತ ಬಂದರೆ ಅದು ದುಪ್ಪಟ್ಟಾಗಿತ್ತು. ಆದರೂ ಕೂತ. ಪೈಪಿನ ಎರಡು ಸೆನ್ಸರನ್ನು ಮೊದಲಿನ ಹಾಗೇ ಕೂರಿಸಿ, ಅವುಗಳ ಅರ್ತ್ ವಯರನ್ನು ಸಿಕ್ಕಿಸಿದ. ರಬ್ಬರ್ ಪೈಪಿನಲ್ಲಿ ಕೂತವಕ್ಕೆ ಬೇರೆ ಅರ್ತ್ ವಯರು ಕೊಡಬೇಕು ಅಂತ ಸೆನ್ಸರಿನ ಜೊತೆ ಬಂದ ಪುಸ್ತಕದಲ್ಲೇ ಬರೆದಿತ್ತು. ಹೆಡ್ಡಿಗೆ ಬೇಕಿಲ್ಲ, ಅಲ್ಲಿ ಕಬ್ಬಿಣಕ್ಕೆ ಹಿತ್ತಾಳೆ ಮುಟ್ಟಿದರೆ ಅದೇ ಅರ್ತ್.

ಹೆಡ್ಡಿನ ಸೆನ್ಸರ್ ಎತ್ತಿಕೊಂಡ. ಜೇಬಿನಿಂದ ಬಿಳಿ ಟೇಪಿನ ಸುರುಳಿ ತೆಗೆದ, ನಲ್ಲಿ ಪೈಪಿನ ಮರೆಗೆ, ಅಂದರೆ ತಿರುಪಿನ ಗೆರೆಗೆ, ಸುತ್ತುತ್ತಾರಲ್ಲ, ಅದು. ಹಳೇ ಟೇಪಿನ ಮೇಲೇ ಸುತ್ತತೊಡಗಿದ. ಅವನ ಬೆರಳಿಗೆ ಅದು ಊಟ ಮಾಡಿದಷ್ಟು ರೂಢಿ. ಇಪ್ಪತ್ತು ವರ್ಷದಿಂದ ಟೇಪು ಸುತ್ತದ ಮರೆ ಅವನ ಕೈಯಲ್ಲಿ ದಾಟಿಲ್ಲ.

ಮೇಸ್ತ್ರಿ ಬೀಡಿ ಹಚ್ಚಿ ನೋಡುತ್ತಿದ್ದರು.

"ಎಷ್ಟು ಸುತ್ತು?"

"ಒಂಬತ್ತು. ನಂದು ಯಾವಾಗ್ಲೂ ಒಂಬತ್ತೇ."

"ಯಾಕೆ?"

"ಸೋರಬಾರದಲ್ಲ ಮೇಸ್ತ್ರಿ. ನಾನು ಇಳಿಸಿದ ಪೈಪು ಇವತ್ತಿನವರೆಗೆ ಒಂದು ಹನಿ ಸೋರಿಲ್ಲ."

"ಸೋರಿಲ್ಲ," ಅಂದರು ಮೇಸ್ತ್ರಿ. ಹೊಗಳಿದರೋ ಹಂಗಿಸಿದರೋ ಹಾಲೇಶನಿಗೆ ತಿಳಿಯಲಿಲ್ಲ.

ಸೆನ್ಸರ್ ಬಿಗಿದು, ನೀರು ತುಂಬಿ, ಎಂಜಿನ್ ಚಾಲೂ ಮಾಡಿದ. ಬಿಸಿಯಾಗುವವರೆಗೆ ಇಬ್ಬರೂ ಕಾದರು. ಮತ್ತೆ ಅದೇ ಕಥೆ. ಐವತ್ತೈದು, ಎಂಬತ್ತೆಂಟು, ಎಪ್ಪತ್ತು.

ಹಾಲೇಶ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. "ಪಾತ್ರೆಯಲ್ಲಿ ನಿಜ ಹೇಳಿದ್ದು ಇಲ್ಲಿ ಯಾಕೆ ಸುಳ್ಳು ಹೇಳ್ತೈತೆ? ನಂಗೆ ತಲೆಬುಡ ಅರ್ಥ ಆಗ್ತಿಲ್ಲ. ನಾಳೆ ಬೆಳಿಗ್ಗೆ ಹೊರಡಬೇಕು ಮೇಸ್ತ್ರಿ."

"ಮೇಲಿನ ಪೈಪಿನ ನೀರು ಎಲ್ಲಿಂದ ಬರ್ತೈತೆ?"

"ಹೆಡ್ಡಿಂದ."

"ಹೆಡ್ಡು ಐವತ್ತೈದಿದ್ರೆ ನೀರು ಎಂಬತ್ತೆಂಟು ಆಗೋಕೆ ದಾರೀಲಿ ಯಾರಾದ್ರೂ ಒಲೆ ಹಚ್ಚಿದಾರಾ?"

ಮೇಸ್ತ್ರಿ ಪಾತ್ರೆಯ ಹತ್ತಿರ ಬಿದ್ದಿದ್ದ ಬರಿ ತಂತಿ ಎತ್ತಿ ಅವನ ಕೈಗೆ ಕೊಟ್ಟರು.

"ಒಂದು ತುದಿ ಆ ಸೆನ್ಸರಿನ ತಲೆಗೆ ಹಿಡಿ. ಇನ್ನೊಂದು ತುದಿ ಎಂಜಿನ್ನಿಗೆ ಮುಟ್ಟಿಸು."

ಮುಟ್ಟಿಸಿದ. ಐವತ್ತೈದರ ಮುಳ್ಳು ಸರ್ರನೆ ಎದ್ದು ತೊಂಬತ್ತಕ್ಕೆ ನಿಂತಿತು.

ತೆಗೆದ. ಬಿತ್ತು. ಮತ್ತೆ ಮುಟ್ಟಿಸಿದ. ಎದ್ದಿತು.

ಸಣ್ಣ ಮಗು ಸ್ವಿಚ್ಚು ಹಾಕಿ ಆರಿಸಿದ ಹಾಗೆ ಅದನ್ನೇ ನಾಲ್ಕೈದು ಸಲ ಮಾಡಿದ. ಆಮೇಲೆ ಅವನ ಕೈ ನಿಂತಿತು. ಹಿತ್ತಾಳೆಗೂ ಕಬ್ಬಿಣಕ್ಕೂ ನಡುವೆ ಇದ್ದು, ಅರ್ತ್ ಸರಿಯಾಗಿ ಸಿಗದಂತೆ ತಡೆದದ್ದು ತನ್ನ ಟೇಪು. ಘಾಟಿಯ ದಿನವೂ ಅದೇ ಇತ್ತು. ಒಳಗೆ ನೀರು ಕುದಿಯುತ್ತಿದ್ದರೂ ಮುಳ್ಳು ಐವತ್ತೈದು ಅನ್ನುತ್ತಿದ್ದದ್ದು ಅದಕ್ಕೆ. ಹಾಲೇಶನಿಗೆ ನಾಚಿಕೆಯಾಯಿತು. ಇಷ್ಟು ದಿನ ರೇಡಿಯೇಟರನ್ನು ಬೈದಿದ್ದ, ಪಂಪನ್ನು ಬೈದಿದ್ದ, ಪೆಟ್ಟಿಗೆ ಕಳಿಸಿದವರ ವಂಶವನ್ನೇ ಬೈದಿದ್ದ.

"ಸೋರಬಾರದು ಅಂತ ಸುತ್ತಿದ್ದು ಮೇಸ್ತ್ರಿ," ಅಂದ ಸಣ್ಣ ದನಿಯಲ್ಲಿ.

"ಅದು ನಂಗೆ ಗೊತ್ತು."

ಎಂಜಿನ್ ಆರಿಸಿ, ತಣಿದ ಮೇಲೆ ಸೆನ್ಸರ್ ಬಿಚ್ಚಿದ. ಟೇಪನ್ನೆಲ್ಲ ಕಿತ್ತು, ಮರೆಯನ್ನು ಬ್ರಷ್ಷಿನಲ್ಲಿ ಉಜ್ಜಿ, ಕೈ ಒರೆಸುವ ಬಟ್ಟೆಯಲ್ಲಿ ಒರೆಸಿದ. ತಾಮ್ರದ ವಾಷರ್ ಒಂದನ್ನು ಕೊಟ್ಟು ಬರಿಯಾಗಿ ಬಿಗಿದ. ಟೇಪಿಲ್ಲದ ಮರೆ ಅವನಿಗೆ ಅಂಗಿಯಿಲ್ಲದೆ ಸಂತೆಗೆ ಹೋದ ಹಾಗೆ.

ಒಂದು ಹನಿಯೂ ಸೋರಲಿಲ್ಲ.

ಈಗ ತೊಂಬತ್ತು, ಎಂಬತ್ತೆಂಟು, ಎಪ್ಪತ್ತು.

"ಇನ್ನೂ ಮೂರು ಥರ ಹೇಳ್ತಾವಲ್ಲ?"

"ನೀನು ಕೆಲಸಕ್ಕೆ ಹೋಗುವಾಗಿನ ಮುಖ, ಮನೆಗೆ ಬರುವಾಗಿನ ಮುಖ ಒಂದೇ ಥರ ಇರ್ತೈತಾ? ನೀರು ರೇಡಿಯೇಟರಲ್ಲಿ ಹದಿನೆಂಟು ಡಿಗ್ರಿ ಇಳಿಸಿ ಬರ್ತೈತೆ. ಈಗ ಮೂವರೂ ನಿಜ ಹೇಳ್ತಿದಾರೆ."

ಮಧ್ಯಾಹ್ನ ಸರ್ವಮಂಗಳಾ ಬುತ್ತಿ ಹಿಡಿದುಕೊಂಡು ಬಂದಳು. ಮೇಸ್ತ್ರಿಗೆ ನಮಸ್ಕಾರ ಹೇಳಿ, ಕಾರಿನ ಸುತ್ತ ಒಂದು ಸುತ್ತು ಬಂದಳು.

"ಕೂತು ನೋಡು," ಅಂದ ಹಾಲೇಶ. "ಎಂಜಿನ್ ಚಾಲೂ ಮಾಡ್ತೀನಿ ಅಷ್ಟೇ, ಕಾರು ನಿಂತಲ್ಲೇ ಇರ್ತೈತೆ."

ಸ್ವಲ್ಪ ಯೋಚಿಸಿ ಕೂತಳು. ಹಾಲೇಶ ಚಾಲೂ ಮಾಡಿ ಮೂರು ಮೀಟರನ್ನೂ ಉತ್ಸಾಹದಿಂದ ವಿವರಿಸತೊಡಗಿದ. ಎರಡನೇ ಮೀಟರಿಗೆ ಬರುವಷ್ಟರಲ್ಲಿ ಆಕೆ ಮೂಗು ಸೊಟ್ಟ ಮಾಡಿದಳು.

"ಏನೋ ಸುಟ್ಟ ವಾಸನೆ."

ಹಾಲೇಶನ ಬೆರಳು ಮೀಟರಿನ ಕಡೆ ಹೊರಟಿತು. ಮೂರೂ ಸರಿಯಿದ್ದವು. ಮೂರೂ ನಿಜವನ್ನೇ ಹೇಳುತ್ತಿದ್ದವು, ಮೇಸ್ತ್ರಿಯೇ ಹೇಳಿದ್ದರಲ್ಲ. ಹಾಗಾದರೆ ಇವಳು ಹೇಳುತ್ತಿರುವುದೇನು? ಅವನಿಗೆ ಮತ್ತೆ ಎಲ್ಲ ಕಲಸಿಹೋಯಿತು. ಬೆರಳು ಅರ್ಧ ದಾರಿಯಲ್ಲಿ ನಿಂತಿತು.

ಆಮೇಲೆ ಅದು ಕೆಳಗಿಳಿದು ಎಂಜಿನ್ ಆರಿಸಿತು.

ಬಾನೆಟ್ ಎತ್ತಿ ನೋಡಿದರೆ, ಅವನ ಕೈ ಒರೆಸುವ ಎಣ್ಣೆ ಬಟ್ಟೆ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಇನ್ನೆರಡು ನಿಮಿಷವಾಗಿದ್ದರೆ ಬೆಂಕಿ. ಹಾಲೇಶ ಅದನ್ನು ಕಡ್ಡಿಯಿಂದ ಎತ್ತಿ ಹೊಳೆಗೆ ಅದ್ದಿದ.

ತಿರುಗಿ ನೋಡಿದ. ಸರ್ವಮಂಗಳಾ ಇನ್ನೂ ಕಾರಿನಲ್ಲೇ ಕೂತಿದ್ದಳು. ಅವನ ಮುಖವನ್ನೇ ನೋಡುತ್ತಿದ್ದಳು.

"ನಾಳೆ ಆರೂವರೆಗೆ ಹೊರಡೋಣ," ಅಂದಳು. "ಬಿಸಿಲೇರೋದ್ರೊಳಗೆ ಘಾಟಿ ದಾಟಬಹುದು."

ಹಾಲೇಶ ಮೇಸ್ತ್ರಿಯ ಹತ್ತಿರ ಬಂದು ನಿಂತ.

"ಎಣಿಕೆ ಸಿಕ್ತು ಮೇಸ್ತ್ರಿ. ಆವತ್ತು ನಂಗೆ ಹೇಳಿದವರು ಇಬ್ಬರು. ಮೀಟರೊಂದು, ಇವಳೊಬ್ಬಳು. ಇವಳಿಗೆ ನಾನು ಸುಮ್ನೆ ಕೂತ್ಕೋ ಅಂದ್ಬಿಟ್ಟಿದ್ದೆ."

ಮೇಸ್ತ್ರಿ ಪಾತ್ರೆಗೆ ಚಹಾಪುಡಿ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಟೇಪು ಎಷ್ಟು ಜನಕ್ಕೆ ಸುತ್ತಿದ್ದೆ?"