ತುತ್ತಿಡುವ ಕಲ್ಲು

ಜಪಾನಿನ ಪಡುವಣ ಕರಾವಳಿಯಲ್ಲಿ ಮಿತ್ಸುರಾ ಎಂಬ ಊರಿದೆ. ಊರಿಗಿಂತ ಅದರ ಸಂತೆಗೇ ಹೆಸರು. ಬಂದರಿನಿಂದ ಗುಡ್ಡದ ಬುಡದವರೆಗೆ ಒಂದೇ ಓಣಿ, ಎರಡೂ ಕಡೆ ತಿನ್ನುವ ಪದಾರ್ಥದ ಅಂಗಡಿಗಳು. ರಜೆಯ ದಿನ ಜನ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಾರೆ. ಓಣಿ ತಿರುಗುವಲ್ಲಿ, ಮೊಟ್ಟೆಯ ತಿನಿಸಿನ ಅಂಗಡಿಯ ಮುಂದೆ, ಮೊಣಕಾಲೆತ್ತರದ ಕರಿಕಲ್ಲೊಂದಿದೆ. ಅದಕ್ಕೆ ತುತ್ತಿಡುವ ಕಲ್ಲು ಎನ್ನುತ್ತಾರೆ. ದೇವರ ಕಲ್ಲಲ್ಲ. ಇಟ್ಟವನು ಒಬ್ಬ ಇದ್ದಿಲು ಸುಡುವವನು.

ಹಿಂದೆ ಒಮ್ಮೆ, ಓಣಿಗೆ ಇನ್ನೂ ಮಣ್ಣಿನ ನೆಲವಿದ್ದ ಕಾಲದಲ್ಲಿ, ಮೇಲಿನ ಕಾಡಿನಲ್ಲಿ ಸಕುಜೋ ಎಂಬವನಿದ್ದ. ಹೆಂಡತಿ ಒತಾನೆ, ಏಳು ವರ್ಷದ ಮಗಳು ಕಿಯೊ. ಗಂಡ ಹೆಂಡತಿ ಕೂಡಿಯೇ ಇದ್ದಿಲು ಸುಡುವರು. ಗೂಡಿನ ಬಾಯಿಂದ ಅವಳು ಇಕ್ಕಳದಲ್ಲಿ ಕೆಂಡ ಹಿಡಿದು ಚಾಚಿದರೆ, ಇವನು ತನ್ನ ಇಕ್ಕಳದಲ್ಲಿ ಹಿಡಿದು ಬೂದಿಗೆ ಹಾಕುವನು. ಹತ್ತು ವರ್ಷ ಹೀಗೆ. ಮಾತು ಬೇಕಿರಲಿಲ್ಲ. ಆ ವರ್ಷ ಒತಾನೆಗೆ ಊಟ ಸೇರದಾಯಿತು. ಗಂಜಿಯೂ ಒಳಗೆ ನಿಲ್ಲದು. ದಿನದಿನಕ್ಕೆ ಸೊರಗಿದಳು. ಸಂತೆಯಲ್ಲಿ ಇಲ್ಲದ ತಿನಿಸಿಲ್ಲ, ಯಾವುದಾದರೊಂದು ನಾಲಿಗೆಗೆ ಹಿಡಿಸೀತು, ತಿಂದರೆ ಉಳಿದಾಳು ಎಂದುಕೊಂಡ ಸಕುಜೋ. ಒಂದು ಬೆಳಿಗ್ಗೆ ಗೂಡಿನ ಬಾಯಿಗೆ ಮಣ್ಣು ಮೆತ್ತಿ, ಅವಳನ್ನು ಬೆನ್ನಿಗೆ ಹೊತ್ತು, ಮಗಳ ಕೈ ಹಿಡಿದು ಗುಡ್ಡ ಇಳಿದ.

ಮಗಳಿಗೆ ಅದು ಹಬ್ಬ. ಜೀವಂತ ಏಡಿ ನೋಡಿ ಕಿರುಚಿದಳು. ಕಂಡ ಕಂಡ ಅಂಗಡಿಯ ಮುಂದೆ ನಿಂತರು. ಸುಟ್ಟ ಹಾವುಮೀನಿನ ವಾಸನೆಗೆ ಒತಾನೆ ಮುಖ ತಿರುಗಿಸಿದಳು. ತೋಫು ಬೇಡವೆಂದಳು. "ಅವ್ವಾ, ಇದಾದ್ರೂ?" ಎಂದು ಮಗಳು ಉಪ್ಪುಮೂಲಂಗಿಯ ಹೋಳು ಹಿಡಿದಳು. "ನೀನೇ ತಿನ್ನೇ ನನ್ ಬಂಗಾರ. ನಿಮ್ಮಪ್ಪನ ಬೆನ್ನಿನ ಬೆವರು ಕುಡಿದೇ ನನ್ನ ಹೊಟ್ಟೆ ತುಂಬಿದೆ." ಸಕುಜೋ ನಗಲಿಲ್ಲ. ಓಣಿ ಮುಗಿಯುತ್ತ ಬಂದಿತ್ತು. ತಿರುವಿನಲ್ಲಿ ಒಬ್ಬ ಮುದುಕಿ ಮೊಟ್ಟೆಯನ್ನು ಸುರುಳಿ ಸುತ್ತಿ ಬೇಯಿಸಿ, ಕೊಯ್ದು, ಎಲೆಯಲ್ಲಿಟ್ಟು ಕೊಡುತ್ತಿದ್ದಳು. "ಅದು ಕೊಡಿಸಿ" ಎಂದಳು ಒತಾನೆ. ಮುದುಕಿ ಗಂಡ ಹೆಂಡತಿ ಇಬ್ಬರಿಗೂ ಉಣ್ಣುವ ಕಡ್ಡಿಗಳನ್ನು ಕೊಟ್ಟಳು. ಒತಾನೆ ತನ್ನ ಎರಡು ಕಡ್ಡಿಯಲ್ಲಿ ಒಂದು ತುಂಡೆತ್ತಿ ತಿಂದಳು. ನುಂಗಿದಳು. ಒಳಗೆ ನಿಂತಿತು. ಸಕುಜೋನ ಕಣ್ಣು ತುಂಬಿತು. "ನೀವೂ ತಿನ್ನಿ, ಬೆಳಗಿನಿಂದ ಬರಿಹೊಟ್ಟೆ" ಎಂದು ಅವಳು ಇನ್ನೊಂದು ತುಂಡನ್ನು ಕಡ್ಡಿಯಲ್ಲಿ ಹಿಡಿದು ಚಾಚಿದಳು. ಇವನ ಕೈ ತಾನಾಗಿ ಹೋಯಿತು. ಕೆಂಡ ಹಿಡಿದಂತೆ, ತನ್ನ ಕಡ್ಡಿಗಳಲ್ಲಿ ಹಿಡಿದ.

ಮುದುಕಿಯ ಕೈಯಿಂದ ಸಟ್ಟುಗ ಬಿತ್ತು. ಆ ನಾಡಿನಲ್ಲಿ ಕಡ್ಡಿಯಿಂದ ಕಡ್ಡಿಗೆ ದಾಟಿಸುವುದು ಒಂದನ್ನೇ, ಸುಟ್ಟ ಹೆಣದ ಎಲುಬನ್ನು. ಚಿತೆ ಆರಿದ ಮೇಲೆ ನೆಂಟರು ಹಾಗೆ ಆಯ್ದು ಕುಡಿಕೆಗೆ ತುಂಬುತ್ತಾರೆ. "ಏನ್ ಮಾಡಿದ್ಯೋ ಪಾಪಿ! ಹೆಂಡ್ತಿ ಇನ್ನೂ ಉಸಿರಾಡ್ತಿದಾಳೆ!" ಎಂದಳು ಮುದುಕಿ. ಒತಾನೆ ನಕ್ಕಳು. "ಬಯ್ಯಬೇಡ ಅಜ್ಜಿ. ನನ್ನಲ್ಲಿ ಎಲುಬು ಬಿಟ್ಟು ಇನ್ನೇನಿದೆ? ಈಗಲೇ ರೂಢಿ ಮಾಡ್ಕೊಳ್ಳಲಿ." ಆದರೆ ಎಲೆಯಲ್ಲಿ ಉಳಿದದ್ದನ್ನು ಮುಟ್ಟಲಿಲ್ಲ. ಹೊಟ್ಟೆ ತುಂಬಿತು ಎಂದಳು. ತುಂಬಿತೋ, ಹೆದರಿದಳೋ, ಸಕುಜೋ ಕೇಳಲಿಲ್ಲ.

ಅದಾದ ಒಂಬತ್ತನೆಯ ದಿನ ಒತಾನೆ ತೀರಿಹೋದಳು. ಎಲುಬು ಆಯುವಾಗ ಅವಳ ತಮ್ಮ ಒಂದನ್ನೆತ್ತಿ ಸಕುಜೋನತ್ತ ಚಾಚಿದ. "ಹಿಡೀರಿ ಭಾವ" ಎಂದ. ಇವನ ಕೈ ಏಳಲಿಲ್ಲ. ಮತ್ತೆ ಕರೆದ. ಏಳಲಿಲ್ಲ. ಕೊನೆಗೆ ಮಗಳು ಹಿಡಿದಳು. ಕಾಯಿಲೆ ಕೊಂಡೊಯ್ಯಿತು ಎಂದು ಊರೆಲ್ಲ ಹೇಳಿತು. ಮುದುಕಿಯೂ ಗುಡ್ಡ ಹತ್ತಿ ಬಂದು, ಬಾಯಿತಪ್ಪಿ ಅಂದೆ ಕಣಪ್ಪಾ ಎಂದು ಅತ್ತಳು. ಯಾವುದೂ ಅವನ ಕಿವಿಗೆ ಇಳಿಯಲಿಲ್ಲ. ಚಳಿಗಾಲ ಕಳೆದ ಮೇಲೆ ಹೊಳೆಯಿಂದ ಚಪ್ಪಟೆ ತಲೆಯ ಕಲ್ಲೊಂದನ್ನು, ಹೆಂಡತಿಯನ್ನು ಹೊತ್ತ ಹಾಗೆಯೇ ಬೆನ್ನಿಗೆ ಕಟ್ಟಿ ತಂದು, ಮುದುಕಿಯ ಅಂಗಡಿಯ ಮುಂದೆ ಇಳಿಸಿದ. "ನಡುವೆ ಒಂದು ತಟ್ಟೆ ಇದ್ದಿದ್ರೆ ಸಾಕಿತ್ತು" ಎಂದ. ಸಂತೆಯಲ್ಲಿ ಅವನಾಡಿದ ಕೊನೆಯ ಮಾತು ಅದೇ ಎನ್ನುತ್ತಾರೆ. ಆಮೇಲೆ ಸಾಯುವ ತನಕ ಕಡ್ಡಿ ಮುಟ್ಟಲಿಲ್ಲ, ಬರಿಗೈಯಲ್ಲಿ ಉಂಡ. ಗೂಡು ಒಬ್ಬನ ಕೈಲಾಗುವ ಕೆಲಸವಲ್ಲ. ಆರಿತು.

ಈಗ ಕಲ್ಲಿನ ತಲೆಯ ಮೇಲೆ ಅಂಗೈಯಷ್ಟು ಗುಳಿ ಬಿದ್ದಿದೆ. ಸಂತೆಗೆ ಬಂದವರಲ್ಲಿ ಒಬ್ಬರು ಮೊಟ್ಟೆಯ ತುಂಡನ್ನು ಅಲ್ಲಿ ಇಡುತ್ತಾರೆ, ಇನ್ನೊಬ್ಬರು ಎತ್ತಿ ತಿನ್ನುತ್ತಾರೆ. ಮಕ್ಕಳಿಗೆ ಅದೊಂದು ಆಟ. ಕೆಲವರು ಒಬ್ಬರೇ ಬರುತ್ತಾರೆ. ತುಂಡೊಂದನ್ನು ಇಟ್ಟು, ಸ್ವಲ್ಪ ಹೊತ್ತು ನಿಂತು, ಹೋಗುತ್ತಾರೆ. ಅಂಗಡಿಯವರು ಅವರನ್ನು ಏನೂ ಕೇಳುವುದಿಲ್ಲ. ಬಾಗಿಲು ಹಾಕುವ ಮುನ್ನ ಆ ತುಂಡನ್ನು ತೆಗೆದು, ಕಲ್ಲಿಗೆ ಒಂದು ತಂಬಿಗೆ ನೀರು ಹೊಯ್ದು ಒಳಗೆ ಹೋಗುತ್ತಾರೆ.