ಹೆಬ್ಬಾಗಿಲ ಗಾಜಿನ ಬಿಲ್ಲೆ

"ಕೇಳಿರಪ್ಪಾ ಕೇಳಿ! ಕೋಟೆಯ ಹೆಬ್ಬಾಗಿಲಿಗೆ ಹೊಸ ಗಾಜಿನ ಬಿಲ್ಲೆ ಕೂರಿಸಬಲ್ಲವರು ಬಾಗಿಲ ಬಳಿಗೆ ಬರತಕ್ಕದ್ದು! ರಾಜಕುಮಾರಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ್ದು ಕೊಡುತ್ತೇವೆ. ಒಂದು ತಪ್ಪಿದರೂ ಸಂಜೆಗೆ ತಲೆ ತೆಗೆಸುತ್ತೇವೆ! ಮಹಾರಾಜರ ಅಪ್ಪಣೆ!"

ಡಂಗುರದ ಸದ್ದು ಅಡಗುವ ಮೊದಲೇ ಗಾಡಿಯ ಗಾಲಿ ಮಾಡುವ ಕೊಟ್ರಪ್ಪ ಓಡಿದ. ಮಧ್ಯಾಹ್ನಕ್ಕೆ ಸೆರೆಮನೆಯಲ್ಲಿದ್ದ. ಅವನ ಹೆಂಡತಿ ನಾಗವ್ವ ತುಂಬಿದ ಬಸುರಿ, ಪೇಟೆಯಲ್ಲಿ ಬಳೆ ಮಾರುತ್ತಿದ್ದ ತಮ್ಮ ಹಾಲಪ್ಪನ ಮುಂದೆ ಬಂದು ಎರಡೂ ಕೈ ಚಾಚಿದಳು. ಸೀಮಂತಕ್ಕೆ ಅವನೇ ಇಟ್ಟ ಹಸಿರು ಗಾಜಿನ ಬಳೆಗಳು.

"ನೀ ಇಟ್ಟ ಬಳೆ ಕಣೋ ಇವು. ಸಂಜೆಗೆ ನೀನೇ ತೆಗೀತೀಯೇನು?"

ಹಾಲಪ್ಪ ಬಳೆಯ ಮಲಾರವನ್ನು ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ.

ಆ ಬಾಗಿಲಿನ ಕತೆ ಸ್ವಲ್ಪ ಹೇಳಬೇಕು. ಮೇಲಕ್ಕೇರಿ ಕೆಳಕ್ಕಿಳಿಯುವ ಕಬ್ಬಿಣದ ಬಾಗಿಲು, ಎತ್ತುವುದಕ್ಕೆ ಮೋಟಾರು. ರಾಜರ ಕಾಲದಲ್ಲಿ ಮೋಟಾರು ಎಲ್ಲಿಂದ ಬಂತು ಎನ್ನಬೇಡಿ, ಕತೆಯಲ್ಲಿ ಕುದುರೆ ಹಾರಬಹುದಾದರೆ ಮೋಟಾರು ತಿರುಗಬಾರದೇ? ಮೋಟಾರಿನ ದಂಡಕ್ಕೆ ಬಳೆಯಂತೆ ತೊಡಿಸಿದ ಗಾಜಿನ ಬಿಲ್ಲೆ, ಅದರ ಅಂಚಿನುದ್ದಕ್ಕೂ ಕೂದಲೆಳೆಯಂಥ ಗೆರೆಗಳು. ಈಚೆ ದೀಪ, ಆಚೆ ಬೆಳಕು ನೋಡುವ ಯಂತ್ರದ ಕಣ್ಣು. ಬಿಲ್ಲೆ ತಿರುಗಿದಂತೆ ಬೆಳಕು ಮಿಣುಕುತ್ತದೆ, ಕಣ್ಣು ಎಣಿಸುತ್ತದೆ. ಬಾಗಿಲು ಎಷ್ಟು ಏರಿತು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಆ ಎಣಿಕೆಯಿಂದಲೇ. ಬಿಲ್ಲೆ ಒಡೆದ ದಿನ ಬಾಗಿಲು ಅರ್ಧದಲ್ಲೇ ನಿಂತಿತು. ಸರಿಪಡಿಸಲು ಹೋದ ಮಿಸ್ತ್ರಿಯ ಮೇಲೆ ಒಮ್ಮೆಗೇ ಮೊಳದಷ್ಟು ಕುಸಿದು ಅವನ ತೋಳೇ ಹೋಯಿತು. ರಾಜಕುಮಾರಿ ಸೌಗಂಧಿನಿಗೆ ಯಂತ್ರವಿದ್ಯೆ ಕಲಿಸಿದ ಗುರು ಅವನು.

ಹಾಲಪ್ಪ ಕೋಟೆ ತಲುಪುವಾಗ ಒಬ್ಬ ಜಟ್ಟಿ ಮೀಸೆ ತಿರುವುತ್ತಾ ನಿಂತಿದ್ದ.

"ಸತ್ತಂತೆ ಮಲಗಿದೆ, ಆದರೂ ಕೊಲ್ಲುತ್ತದೆ. ಯಾವುದದು? ಮುಟ್ಟುವ ಮೊದಲು ಏನು ಮಾಡಬೇಕು?" ಎಂದಳು ರಾಜಕುಮಾರಿ.

"ಹೆಬ್ಬಾವು! ತಲೆ ಜಜ್ಜಬೇಕು!" ಎಂದ ಜಟ್ಟಿ. ಅವನನ್ನು ಎಳೆದುಕೊಂಡು ಹೋದರು.

ಹಾಲಪ್ಪ ಅರ್ಧಕ್ಕೆ ತೂಗುತ್ತಿದ್ದ ಬಾಗಿಲನ್ನೇ ನೋಡಿದ. "ಇದೇ ಬಾಗಿಲು, ಅಮ್ಮಣ್ಣಿ. ಬಳೆ ಇಡೋ ಮೊದಲು ನಾವು ತಾಯಂದಿರಿಗೆ ಕೈ ಸಡಿಲ ಬಿಡಿ ಅಂತೀವಿ. ಬಿಗಿದ ಕೈಗೆ ಗಾಜು ತೂರಿಸಿದರೆ ಗಾಯ. ಇದರ ಬಿಗಿಯನ್ನೂ ಮೊದಲು ಬಿಡಿಸಬೇಕು. ಕರೆಂಟು ತೆಗೆದು ಬೀಗ ಹಾಕಬೇಕು, ಬೀಗದ ಕೈ ಕೆಲಸ ಮಾಡೋನ ಸೊಂಟದಲ್ಲೇ ಇರಬೇಕು."

"ಅಷ್ಟು ಸಾಕೇ?"

ಹೂಂ ಎನ್ನಲು ಬಾಯಿ ತೆರೆದವನಿಗೆ ಮಿಸ್ತ್ರಿಯ ತೋಳು ನೆನಪಾಯಿತು. "ಸಾಲದು. ಕರೆಂಟು ಹೋದರೂ ಭಾರ ಹೋಗೋದಿಲ್ಲ. ಕೆಳಗೆ ತೊಲೆ ಕೊಟ್ಟು ಆನಿಸಬೇಕು."

ಸೌಗಂಧಿನಿಯ ಹುಬ್ಬು ಕೊಂಚ ಇಳಿಯಿತು. "ಎದುರುಬದುರು ಕೂತ ಇಬ್ಬರು. ದೂರ ಸರಿದರೆ ಕುರುಡು, ಮುಟ್ಟಿಕೊಂಡರೆ ಸಾವು. ಯಾರವರು?"

"ಮೊದಲನೇದು ನನಗೂ ಗೊತ್ತಿತ್ತು!" ಎಂದು ಮಂತ್ರಿಯ ಸೋದರಳಿಯ ನಡುವೆ ನುಗ್ಗಿದ. "ಇದು ಅತ್ತೆ-ಸೊಸೆ!"

ಪಕ್ಕದಲ್ಲಿ ಕೂತಿದ್ದ ಮಹಾರಾಜರೇ ನಕ್ಕುಬಿಟ್ಟರು, ಆದರೂ ಅವನು ಸೆರೆಮನೆಗೇ ಹೋದ.

"ಬೆಳಿಗ್ಗೆ ಒಬ್ಬ ಗಾಲಿ-ಅಚ್ಚು ಎಂದ," ಎಂದಳು ರಾಜಕುಮಾರಿ. ಅದು ಕೊಟ್ರಪ್ಪನೇ ಎಂದು ಹಾಲಪ್ಪನಿಗೆ ತಿಳಿಯಿತು. ಪಾಪ, ಭಾವನಿಗೆ ಇನ್ನೇನು ಹೊಳೆಯಬೇಕು! ಆದರೆ ಗಾಲಿ, ಅಚ್ಚು ಉಜ್ಜಿಕೊಂಡೇ ಬಾಳುವ ಜೋಡಿ.

"ಬಿಲ್ಲೆ ಮತ್ತು ಕಣ್ಣು," ಎಂದ ಹಾಲಪ್ಪ. "ದೂರವಾದರೆ ಕಣ್ಣಿಗೆ ಗೆರೆ ಕಾಣೋದಿಲ್ಲ, ತಾಗಿದರೆ ಗಾಜು ಒಡೆಯುತ್ತೆ. ಬಳೆ ಬಳೆ ತಾಗದಂತೆ ನಾವು ಇಡೋ ಹಾಗೆ ನಡುವೆ ತೆಳ್ಳನೆ ಹಾಳೆ ಇಟ್ಟು ಕಣ್ಣನ್ನು ಬಿಗಿ ಮಾಡಿ, ಆಮೇಲೆ ಹಾಳೆ ಎಳೆದುಬಿಡಬೇಕು. ಒಂದು ಸುತ್ತು ಕೈಯಲ್ಲೇ ತಿರುಗಿಸಿ ನೋಡಬೇಕು. ಓಲಾಡಿದರೆ ಎಣಿಕೆ ತಪ್ಪುತ್ತೆ."

ಬಿಸಿಲು ಕೋಟೆಗೋಡೆಯ ತುದಿಯ ತೆನೆಗಳಿಂದ ಜಾರುತ್ತಿತ್ತು. ರಾಜಕುಮಾರಿ ರೇಷ್ಮೆಯ ಮೇಲೆ ಹೊಸ ಬಿಲ್ಲೆಯನ್ನು ತರಿಸಿದಳು. "ಒಬ್ಬ ಕಳ್ಳ ಬಂದ. ಏನೂ ಕದಿಯಲಿಲ್ಲ. ತನ್ನ ಗುರುತು ಬಿಟ್ಟುಹೋದ, ಮನೆಯ ಕಣ್ಣು ಮಂಜಾಯಿತು. ಯಾರವನು? ಬಿಲ್ಲೆ ಹಿಡಿದುಕೊಂಡೇ ಹೇಳು."

ಹಾಲಪ್ಪನಿಗೆ ಅಕ್ಕನ ಕೈಗಳೇ ಕಣ್ಣ ಮುಂದೆ. ಬೆವರುತ್ತಾ ಕೈ ಚಾಚಿದ. ಹೆಬ್ಬೆರಳು ಇನ್ನೇನು ಗೆರೆಗಳ ಮೇಲೆ ಕೂರಬೇಕು, ಗಾಜಿನಲ್ಲಿ ಅದರ ನೆರಳು ಕಂಡಿತು. ಥಟ್ಟನೆ ಕೈ ಹಿಂದೆಗೆದ.

"ಸಿಕ್ಕಿದ, ಅಮ್ಮಣ್ಣಿ!" ಎಂದು ಹೆಬ್ಬೆರಳೆತ್ತಿ ತೋರಿಸಿದ. "ಇವನೇ ಕಳ್ಳ. ಇವನ ಬೆವರು ಅಂಟಿದರೆ ಬೆಳಕು ಹಾಯೋದಿಲ್ಲ." ಕೈ ಒರೆಸಿಕೊಂಡು, ಬಳೆ ಹಿಡಿಯುವಂತೆ ಬಿಲ್ಲೆಯನ್ನು ಅಂಚಿನಲ್ಲೇ ಎತ್ತಿದ.

ರಾಜಕುಮಾರಿ ತನ್ನ ಸೊಂಟದಿಂದ ಕರೆಂಟಿನ ಬೀಗದ ಕೈ ಬಿಚ್ಚಿ ಅವನಿಗೆ ಕೊಟ್ಟಳು.

ತೊಲೆ ಕೊಟ್ಟರು, ಬೀಗ ಹಾಕಿದರು. ಬಿಲ್ಲೆ ದಂಡಕ್ಕೆ ಸರಾಗವಾಗಿ ಏರಿತು. ಹಾಳೆ ಇಟ್ಟರು, ಬಿಗಿದರು, ಎಳೆದರು. ಕೈಯಲ್ಲೇ ತಿರುಗಿಸಿ ನೋಡಿ, ತೊಲೆ ತೆಗೆದು, ಎಲ್ಲರನ್ನೂ ದೂರ ನಿಲ್ಲಿಸಿ ಕರೆಂಟು ಕೊಟ್ಟರೆ, ಬಾಗಿಲು ಏರಿ ಗುರುತಿನಲ್ಲೇ ನಿಂತಿತು!

"ಏನು ಬೇಕು ಕೇಳಯ್ಯ," ಎಂದರು ಮಹಾರಾಜರು.

"ಒಳಗಿರೋ ತಲೆಗಳೆಲ್ಲ ಬೇಕು, ಮಹಾಸ್ವಾಮಿ. ಮೈ ಸಮೇತ."

ಕೊಟ್ರಪ್ಪ ಮೈ ಕೊಡವುತ್ತಾ ಹೊರಬಂದು ಬಿಲ್ಲೆ ನೋಡಿದ. "ಇಷ್ಟೇನಾ? ಸುತ್ತಿಗೆಯಲ್ಲಿ ಒಂದೇಟು ಕೊಟ್ಟಿದ್ದರೆ ನಾನೂ ಕೂರಿಸುತ್ತಿದ್ದೆ."

"ಪುಣ್ಯಕ್ಕೆ ನಿನ್ನನ್ನು ಒಳಗೆ ಹಾಕಿದ್ದರು, ಭಾವ. ಮನೆಗೆ ನಡಿ, ಅಕ್ಕ ಕಾಯ್ತಿದ್ದಾಳೆ."

ಹೊರಡುವಾಗ ಸೌಗಂಧಿನಿ ಬರಿಗೈ ಚಾಚಿದಳು. "ಗುರುಗಳ ತೋಳು ಹೋದಂದಿನಿಂದ ನಾನು ಬಳೆ ತೊಟ್ಟಿಲ್ಲ. ಇಡು."

ಹಾಲಪ್ಪ ಮಲಾರ ಬಿಚ್ಚಿ ಹಸಿರು ಬಳೆ ಆರಿಸಿದ. "ಹಾಗಾದರೆ ಕೈ ಸಡಿಲ ಬಿಡಿ, ಅಮ್ಮಣ್ಣಿ."

"ಆಗಲೇ ಬಿಟ್ಟಿದ್ದೀನಯ್ಯ," ಎಂದು ಅವಳು ನಕ್ಕಳು.